ಉಲ್ಕಾನ್ ಅತ್ತಿಗೆ ಹಾಕಿದ ಬೀಗ

ಯಂತ್ರ ಕೆಟ್ಟಿತೆಂದು ನನಗೆ ಸಿಟ್ಟು ಬರುವುದಿಲ್ಲ. ಕೆಟ್ಟ ಮೇಲೆ ಮನೆಮಂದಿಯೆಲ್ಲ ಸೇರಿ ಅದರ ಮೇಲೆ ಕೈಚಳಕ ತೋರಿಸಿ, ಇನ್ನೇನೂ ಉಳಿದಿಲ್ಲ ಎಂದಾಗ ನನ್ನ ಹತ್ತಿರ ತರುತ್ತಾರಲ್ಲ, ಆಗ ಬರುತ್ತದೆ. ನಮ್ಮ ಕಿರ್ಗಿಜರ ನಾರಿನ್ ಪಟ್ಟಣದ ಬಜಾರಿನಲ್ಲಿ ಮೂವತ್ತು ವರ್ಷದಿಂದ ಇದೇ ಮೂಲೆಯಲ್ಲಿ ಕೂತಿದ್ದೇನೆ. ಮೊದಲು ರೇಡಿಯೋ, ಆಮೇಲೆ ಟೀವಿ, ಈಗ ಲ್ಯಾಪ್‌ಟಾಪು. ರೇಡಿಯೋ ಕಾಲವೇ ಚೆನ್ನಾಗಿತ್ತು ಬಿಡಿ. ಜನ ಅದನ್ನು ಶಾಲಿನಲ್ಲಿ ಸುತ್ತಿ, ಎದೆಗವಚಿಕೊಂಡು ತರುತ್ತಿದ್ದರು. ರಿಪೇರಿಯಾಗಿ ದನಿ ಬಂದ ಕೂಡಲೇ ಅಂಗಡಿಯಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಒಂದು ಹಾಡು ಕೇಳಿಯೇ ಹೋಗುತ್ತಿದ್ದರು.

ಮೊನ್ನೆ ಶರತ್ಕಾಲದಲ್ಲಿ ಹಾಗೆಯೇ ಶಾಲಿನಲ್ಲಿ ಸುತ್ತಿದ ಲ್ಯಾಪ್‌ಟಾಪೊಂದು ಬಂತು. ತಂದವಳು ಕನಿಶಾಯ್, ನನ್ನ ಅಣ್ಣನ ಮಗಳು. ತುಂಬು ಗರ್ಭಿಣಿ. ಹಳ್ಳಿಯಿಂದ ಬಾಡಿಗೆ ಕಾರಿನಲ್ಲಿ ನಾಲ್ಕು ಜನರ ನಡುವೆ ಇರುಕಿಕೊಂಡು ಬಂದಿದ್ದಳು.

"ಚಿಕ್ಕಪ್ಪ, ಬೈಬೇಡಿ. ಮೊದಲು ಕೂತ್ಕೋತೀನಿ, ಆಮೇಲೆ ಬೈರಿ" ಎಂದಳು.

"ಈ ಹೊಟ್ಟೆ ಹೊತ್ಕೊಂಡು ಯಾಕಮ್ಮ ಬಂದೆ? ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ?"

ಅವಳು ಶಾಲು ಬಿಚ್ಚತೊಡಗಿದಳು. ಬರುತ್ತಿದ್ದೆನೆಂದು ನಂಬಲು ಅವಳಿಗಾದರೂ ಕಾರಣವೇನಿತ್ತು? ಎರಡು ಚಳಿಗಾಲ ನಾನು ಅಣ್ಣನ ಮನೆಯ ಹೊಸಿಲು ತುಳಿದಿರಲಿಲ್ಲ. ಆಮೇಲೆ ಹೋದದ್ದು ಅವಳ ಅಮ್ಮನನ್ನು, ಎಂದರೆ ನನ್ನ ಉಲ್ಕಾನ್ ಅತ್ತಿಗೆಯನ್ನು, ಮಣ್ಣು ಮಾಡುವುದಕ್ಕೆ.

ಜಗಳ ಆಗಿದ್ದು ಒಂದು ರೇಡಿಯೋಕ್ಕೆ. ಜುನುಶ್ ಅಣ್ಣ ತೀರಿಕೊಂಡ ಮೇಲೆ ಅವನ ಹಳೆಯ ದೊಡ್ಡ ರೇಡಿಯೋವನ್ನು ಅತ್ತಿಗೆ ಊರಿನ ಶಾಲೆಗೆ ಕೊಟ್ಟುಬಿಟ್ಟರು. ನಾನು ಕಸುಬು ಕಲಿತದ್ದೇ ಅದರ ಹೊಟ್ಟೆ ಬಗೆದು. ಕೇಳಿದ ಕೂಡಲೇ ಕೆಂಡವಾದೆ. "ಹೊರಗಿಂದ ಬಂದವಳು ನೀನು. ನಮ್ಮ ಮನೆ ಸಾಮಾನು ಹಂಚೋಕೆ ನೀನ್ಯಾರು?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಯಾರಿಗೆ? ನನ್ನ ತಾಯಿ ಸತ್ತಾಗ ಆರು ವರ್ಷದ ನನ್ನ ತಲೆಯ ಹೇನು ಹೆಕ್ಕಿದವಳಿಗೆ. ಈ ನಾಲಿಗೆಗೆ ಹುಳ ಬೀಳಬೇಕಿತ್ತು.

"ಏನಾಗಿದೆ ಇದಕ್ಕೆ?" ಎಂದು ಕೇಳಿದೆ.

"ಅಮ್ಮ ಇದನ್ನ ಯಾವತ್ತೂ ಆಫ್ ಮಾಡ್ತಿರ್ಲಿಲ್ಲ. ಮುಚ್ಚಿಡೋರು, ತೆರೆಯೋರು, ಹಾಗೇ ಕೆಲ್ಸ ಮಾಡ್ತಿತ್ತು. ಅಮ್ಮ ಹೋಗಿ ನಲವತ್ತನೇ ದಿನದ ಊಟ ಮುಗಿಯೋವರ್ಗೂ ಪೆಟ್ಟಿಗೇಲಿತ್ತು, ಬ್ಯಾಟರಿ ಪೂರ್ತಿ ಇಳಿದುಹೋಗಿದೆ. ನಿನ್ನೆ ಕರೆಂಟಿಗೆ ಹಾಕಿದ್ರೆ ಇದೇನೋ ಕೇಳ್ತಿದೆ."

ಗುಂಡಿ ಒತ್ತಿದೆ. ಕಪ್ಪು ಪರದೆ, ನಡುವೆ ಒಂದು ಪುಟ್ಟ ಬಿಳಿ ಚೌಕ. ಯಂತ್ರ ಕಣ್ಣು ಬಿಡುವ ಮೊದಲೇ ಪಾಸ್‌ವರ್ಡ್ ಕೇಳುವ ಬೀಗ.

"ಒಳಗೇನಿದೆ?"

ಕನಿಶಾಯ್ ಶಾಲನ್ನು ಮಡಚುತ್ತ ಹೇಳಿದಳು. "ಅಮ್ಮನ ದನಿ ಇದೆ. ಕಾಯಿಲೆ ಅಂತ ಗೊತ್ತಾದ್ಮೇಲೆ ಕೂತು ಹೇಳಿಟ್ಟಿದ್ದಾರೆ. ಮಗುನ ಮೊದಲನೇ ಸಲ ತೊಟ್ಟಿಲಿಗೆ ಹಾಕುವಾಗ ಅಜ್ಜಿ ಹೇಳೋ ಮಾತು. 'ನಾನಿಲ್ದಿದ್ರೂ ನನ್ನ ಬಾಯಿಂದ್ಲೇ ಕೇಳ್ಲಿ, ಕಂಪ್ಯೂಟರಲ್ಲಿ ಇಟ್ಟಿದೀನಿ' ಅಂದಿದ್ರು. ಬೇರೆಲ್ಲೂ ಅವರ ದನಿ ಇಲ್ಲ ಚಿಕ್ಕಪ್ಪ. ಫೋನಲ್ಲೂ ಇಲ್ಲ. ದನಿ ಮರೆತುಹೋಗ್ತಿದೆ ನಂಗೆ."

ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಬಿಚ್ಚಿ ಹಾಕಿದೆ. ಅಲ್ಲೂ ಅದೇ ಪ್ರಶ್ನೆ. ಡಿಸ್ಕಿಗೂ ಅದೇ ಬೀಗ ಬಿದ್ದಿತ್ತು. ಒರೆಸಿ ಹೊಸದರಂತೆ ಮಾಡಿಕೊಡಬಹುದು, ಆದರೆ ಒಳಗಿದ್ದದ್ದೆಲ್ಲ ಹೋಗುತ್ತದೆ. ಅದನ್ನು ಅವಳಿಗೆ ಹೇಳಿದೆ. "ಹಾಗಾದ್ರೆ ಇದನ್ನ ತಗೊಂಡು ಏನ್ ಮಾಡ್ಲಿ, ರೊಟ್ಟಿ ಲಟ್ಟಿಸ್ಲಾ?" ಎಂದಳು. ಮಾತಿನ ಖಾರ ಅತ್ತಿಗೆಯದೇ.

ಉಳಿದದ್ದು ಊಹೆ. ಉಣ್ಣೆಯ ನೆಲಹಾಸು ಹೊಲಿಯುವ ಹೆಂಗಸರ ಸಂಘದವರು, ನಮ್ಮ ಜಗಳವಾದ ಮೇಲೆ, ಅತ್ತಿಗೆಗೆ ಆ ಲ್ಯಾಪ್‌ಟಾಪು ಕೊಟ್ಟಿದ್ದರು. ಚಿತ್ತಾರಗಳ ಹೆಸರನ್ನೆಲ್ಲ ಹೇಳಿ ತುಂಬಿಸಲಿ ಎಂದು. ಅಲ್ಲಿ ಕಲಿಸಲು ಬಂದ ಹುಡುಗಿ "ಎಂದೂ ಮರೆಯದ ಒಂದು ಹೆಸರು ಇಟ್ಕೊಳ್ಳಿ" ಎಂದು ಬೀಗ ಹಾಕಿಸಿಕೊಟ್ಟಿದ್ದಳಂತೆ. ಅಷ್ಟು ಮಾತ್ರ ಕನಿಶಾಯ್‌ಗೆ ಗೊತ್ತಿತ್ತು.

"ಮರೆಯದ ಹೆಸರು ಅಂದ್ರೆ ಇನ್ಯಾರದು, ನಮ್ಮಣ್ಣಂದೇ" ಎನ್ನುತ್ತ ಜುನುಶ್ ಎಂದು ಟೈಪು ಹೊಡೆದೆ. ಆಗಲಿಲ್ಲ. ನಮ್ಮಪ್ಪನ ಹೆಸರು ತೆಮಿರ್, ಅದನ್ನು ಹೊಡೆದೆ. ಕನಿಶಾಯ್ ತನ್ನ ಹೆಸರು ಹೊಡೆಸಿದಳು, ಹುಟ್ಟಿದ ವರ್ಷ ಸೇರಿಸಿ ಹೊಡೆಸಿದಳು. ಮೂರು ಸಲ ತಪ್ಪಿದರೆ ಯಂತ್ರ ಮುಷ್ಕರ ಹೂಡುತ್ತಿತ್ತು; ಆರಿಸಿ ಮತ್ತೆ ಹೊತ್ತಿಸಬೇಕು. ಒಂದೊಂದು ಹೆಸರನ್ನೂ ಎರಡೆರಡು ಬಾರಿ, ಒಮ್ಮೆ ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರ ನೋಡಿ, ಒಮ್ಮೆ ರಷ್ಯನ್ ಅಕ್ಷರ ನೋಡಿ. ಮಧ್ಯಾಹ್ನದ ಚಹಾ ಆರಿತು. ಅಣ್ಣನ ಪೂರ್ತಿ ಹೆಸರು, ಅಪ್ಪನ ಹೆಸರು ಸೇರಿಸಿದ್ದು, ಮದುವೆಯ ದಿನ, ಎಲ್ಲ ಆಯಿತು.

ಪಕ್ಕದಂಗಡಿಯ ಗುಲ್ಸುನ್ ಅಕ್ಕ ಉಣ್ಣೆಯ ಚಪ್ಪಲಿ ಮಾರುವವರು. ನನ್ನನ್ನು ರೇಗಿಸದೆ ಅವರಿಗೆ ದಿನ ಸಾಗುವುದಿಲ್ಲ. ಇಣುಕಿ ನೋಡಿ, "ಏನು ಎಸೆನ್, ಬೆಳಗಿಂದ ಆ ಪೆಟ್ಟಿಗೆಗೆ ಬೈತಾ ಇದೀಯ? ಅದು ತಿರುಗಿ ಬೈತಿಲ್ವಾ?" ಎಂದರು.

ಕನಿಶಾಯ್ ಎಲ್ಲ ಹೇಳಿದಳು. ಗುಲ್ಸುನ್ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡರು.

"ಜುನುಶ್ ಅಂತ ಹೊಡೆದ್ಯಾ?"

"ಹೊಡೆದೆ."

"ತೆಮಿರ್ ಅಂತ?"

"ಅದನ್ನೂ ಹೊಡೆದೆ."

"ನಿನ್ನ ತಲೇಲಿ ಮಿದುಳು ಇದ್ಯೋ, ತವರ ಇದ್ಯೋ? ಅವಳು ನಿಮ್ಮನೆ ಸೊಸೆ ಕಣೋ. ಗಂಡನ ಹೆಸ್ರು, ಮಾವನ ಹೆಸ್ರು ಬಾಯಲ್ಲಿ ತಂದವಳಲ್ಲ. ಬಾಯಿಗೆ ಬಾರದ್ದು ಕೈಗೆ ಬರತ್ತಾ? ನಲವತ್ತೈದು ವರ್ಷ ಆಯ್ತು ನಂಗೆ ಮದುವೆ ಆಗಿ, ಇವತ್ತಿಗೂ ನಮ್ಮೆಜಮಾನರ ಹೆಸ್ರು ಬರೀಬೇಕು ಅಂದ್ರೆ ಮಗನ ಕೈಲಿ ಬರೆಸ್ತೀನಿ."

ಕಿರ್ಗಿಜರ ಮನೆಯಲ್ಲಿ ಹುಟ್ಟಿ, ಇಷ್ಟು ವಯಸ್ಸಾಗಿ, ಇಂಥ ತಪ್ಪು! ಗಂಡಸರಿಗೆ ಇದೆಲ್ಲ ಎಲ್ಲಿ ಹೊಳೆಯುತ್ತದೆ. ಹೆಸರು ಹೇಳಬಾರದೆಂಬ ಕಟ್ಟು ನಮಗಿಲ್ಲವಲ್ಲ.

ಕನಿಶಾಯ್ ನಕ್ಕುಬಿಟ್ಟಳು. "ಅಮ್ಮ ಆಸ್ಪತ್ರೇಲೂ ಹಾಗೇ ಮಾಡಿದ್ರು. ನರ್ಸು ಗಂಡನ ಹೆಸರು ಕೇಳಿದ್ರೆ ಅಪ್ಪನ ಗುರುತಿನ ಚೀಟಿ ತೆಗೆದು, 'ನಿಂಗೆ ಓದೋಕೆ ಬರತ್ತಲ್ಲ, ಓದ್ಕೋ' ಅಂದ್ರು."

ಅಲ್ಲಿಂದ ನನ್ನ ನೆನಪಿನ ಕಟ್ಟೆ ಒಡೆಯಿತು. ತೆಮಿರ್ ಅಂದರೆ ಕಬ್ಬಿಣ. ಮಾವನ ಹೆಸರು ಕಬ್ಬಿಣವಾದ್ದರಿಂದ ಅತ್ತಿಗೆಯ ಬಾಯಲ್ಲಿ ಆ ಲೋಹಕ್ಕೇ ಹೆಸರಿರಲಿಲ್ಲ, 'ಗಟ್ಟಿಯದು' ಅನ್ನುತ್ತಿದ್ದರು. ನಾನು ಬೇಕೆಂದೇ ಕೆಣಕುತ್ತಿದ್ದೆ. "ಅತ್ತಿಗೆ, ಸೌಟು ಯಾವುದರಿಂದ ಮಾಡಿದ್ದು?" "ಗಟ್ಟಿಯದರಿಂದ." "ಗಟ್ಟಿಯದು ಅಂದ್ರೆ ಮರವಾ, ಕಲ್ಲಾ?" "ಬಾ ಇಲ್ಲಿ, ತಲೆ ಮೇಲೆ ಬಿದ್ರೆ ಗೊತ್ತಾಗತ್ತೆ" ಎಂದು ಸೌಟು ಹಿಡಿದು ಅಂಗಳದ ತುಂಬ ಅಟ್ಟಿಸಿಕೊಂಡು ಬರುತ್ತಿದ್ದರು. ಅಪ್ಪ ಒಳಗಿಂದ ಕೆಮ್ಮಿದರೆ ಇಬ್ಬರೂ ಗಪ್‌ಚಿಪ್. ಬೆಳ್ಳಗೆ ಬಳಿದ ಆ ಮನೆ, ಒಲೆಯ ಮೇಲೆ ಉಕ್ಕುವ ಹಾಲು, ಕಿಟಕಿಯಲ್ಲಿ ಅಣ್ಣನ ರೇಡಿಯೋ. ಅವತ್ತಿನ ಒಂದು ದಿನವನ್ನಾದರೂ ನನಗೆ ಯಾರಾದರೂ ವಾಪಸು ಕೊಟ್ಟರೆ ಈ ಅಂಗಡಿ ಪೂರ್ತಿ ಬರೆದುಕೊಡುತ್ತೇನೆ.

"ಅಮ್ಮ ಎಲ್ಲರಿಗೂ ಒಂದೊಂದು ಹೆಸರು ಇಟ್ಟಿದ್ರಲ್ಲ" ಎಂದಳು ಕನಿಶಾಯ್. "ಅಜ್ಜನ್ನ ದೊಡ್ಡಮನೆಯವರು ಅನ್ನೋರು. ಅಪ್ಪನ ತಂಗಿ, ನಮ್ಮತ್ತೆನ ಸಕ್ಕರೆ ಹುಡುಗಿ ಅನ್ನೋರು."

ಎರಡನ್ನೂ ನಮ್ಮ ಮಾತಿನಲ್ಲಿ ಹೊಡೆದೆ. ಆಗಲಿಲ್ಲ.

"ನಿಮ್ಮನ್ನ ಏನಂತಿದ್ರು ಚಿಕ್ಕಪ್ಪ?"

ನನಗೆ ಆಗಲೇ ಹೊಳೆದಿತ್ತು. ಕೈ ಮುಂದೆ ಹೋಗಿರಲಿಲ್ಲ. ಗಂಡನ ತಮ್ಮನ ಹೆಸರನ್ನೂ ಸೊಸೆ ಹೇಳಬಾರದು. ಮದುವೆಯಾಗಿ ಬಂದ ವಾರದಲ್ಲೇ ಅತ್ತಿಗೆ ನನಗೆ ತೆಂತೆಕ್ ಎಂದು ಹೆಸರಿಟ್ಟಿದ್ದರು, ಅಂದರೆ ತುಂಟ. ಮೀಸೆ ಬಂದರೂ, ತಲೆ ನರೆತರೂ ಅದೇ ಹೆಸರು. ಅದು ತಪ್ಪಾಗಿಬಿಟ್ಟರೆ ಎಂಬ ಹೆದರಿಕೆ ಒಂದು ಕಡೆ. ಸರಿಯಾಗಿಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಹೊರಗಿನವಳು ಎನ್ನಿಸಿಕೊಂಡ ಮೇಲೂ ಆಕೆ ಮರೆಯದ ಹೆಸರು ನನ್ನದೇ ಆಗಿದ್ದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ?

"ಹೊಡೀರಿ ಚಿಕ್ಕಪ್ಪ. ಇನ್ನೇನು ಕಾಯ್ತಿದೀರಿ?"

ಹೊಡೆದೆ. ಚೌಕ ಮಾಯವಾಯಿತು. ಪರದೆ ಬೆಳಗಿತು. ಕೆಂಪು ನೀಲಿ ಚಿತ್ತಾರದ ನೆಲಹಾಸೊಂದರ ಫೋಟೋ ಬಂತು.

ಗುಲ್ಸುನ್ ಅಕ್ಕ ಚಪ್ಪಾಳೆ ತಟ್ಟಿದರು. ನಾನು ಅತ್ತುಬಿಟ್ಟೆ. ಐವತ್ತು ದಾಟಿದ ಗಂಡಸು, ಹಗಲು ಹೊತ್ತು, ಬಜಾರಿನ ನಡುವೆ. ಯಾರು ಬೇಕಾದರೂ ನೋಡಲಿ ಎಂದು ಅತ್ತೆ.

ಕನಿಶಾಯ್ ಫೈಲು ಹುಡುಕಿ ಒತ್ತಿದಳು. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅತ್ತಿಗೆಯ ದನಿ. ಸೊರಗಿತ್ತು, ಆದರೆ ಅವರದೇ.

"ಇದು ನನ್ನ ಕೈಯಲ್ಲ ಮಗು, ಮಕ್ಕಳನ್ನ ಕಾಯೋ ಉಮಾಯ್ ತಾಯಿಯ ಕೈ. ಮಲಗು, ಬೆಚ್ಚಗಿರು..."

ಕನಿಶಾಯ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದಳು. ಹಾರೈಕೆಯ ಮಾತೆಲ್ಲ ಮುಗಿಯಿತು. ಇನ್ನೇನು ನಿಂತಿತು ಅನ್ನುವಾಗ ಅತ್ತಿಗೆ ಮತ್ತೆ ಮಾತಾಡಿದರು, ಈ ಸಲ ಮಗಳಿಗೆ.

"ಕನಿಶಾಯ್, ತೊಟ್ಟಿಲು ತರೋದು ತವರಿನವರು. ತವರಲ್ಲಿ ಯಾರೂ ಇಲ್ಲ ಅಂತ ಕೊರಗಬೇಡ. ನಿನ್ನ ಚಿಕ್ಕಪ್ಪ ಇದಾನೆ. ಮುನಿಸಿಕೊಂಡು ಕೂತಿದಾನೆ ಅಷ್ಟೇ, ಸಿಟ್ಟು ಬೇಗ ಬರತ್ತೆ ಅವನಿಗೆ, ಹೋಗೋದು ನಿಧಾನ. ಹೋಗಿ ಕರಿ. ತೊಟ್ಟಿಲು ಅವನೇ ಹೊತ್ತು ತರಬೇಕು. ಮಗುಗೆ ಅವನು ಯಾರು ಅಂತ ಸರಿಯಾಗಿ ಹೇಳ್ಕೊಡು. ನಾನು ಕರಿಯೋ ಹೆಸರು ಹೇಳ್ಬೇಡ, ಅದು ನನ್ನದು. ಅವನ ಹೆಸರು..."

ದನಿ ನಿಂತಿತು. ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಗುಲ್ಸುನ್ ಅಕ್ಕ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು.

"ಹಿರಿಯರು ಕ್ಷಮಿಸ್ಲಿ. ಅವನ ಹೆಸರು ಎಸೆನ್." ಇನ್ನೊಮ್ಮೆ, ಯಾರನ್ನೋ ಅಂಗಳದಿಂದ ಒಳಗೆ ಕರೆಯುವ ಹಾಗೆ, "ಎಸೆನ್."

"ಓ, ಬಂದೆ ಅತ್ತಿಗೆ" ಎಂದೆ.