ಲೈಫ್‌ಗಾರ್ಡ್ ವಿಶಾಲ ನೋಡಿದ ಸಿನಿಮಾಗಳು

ಮುರ್ಡೇಶ್ವರದ ಕಡಲತೀರದಲ್ಲಿ ಲೈಫ್‌ಗಾರ್ಡ್ ಆಗಿದ್ದ ವಿಶಾಲನಿಗೆ ಸೂಪರ್‌ಹೀರೋ ಸಿನಿಮಾ ಎಂದರೆ ಪ್ರಾಣ. ಮೀನುಗಾರರ ಮನೆಯ ಮಗ. ನಡೆಯುವುದಕ್ಕಿಂತ ಮೊದಲೇ ಈಜು ಕಲಿತವನು ಎಂದು ಕೇರಿಯವರು ತಮಾಷೆ ಮಾಡುತ್ತಿದ್ದರು. ಕುಮಟೆಗೆ ಹೊಸ ಸಿನಿಮಾ ಬಂತೆಂದರೆ ರಜೆ ಹಾಕಿ, ಕಾಯ್ಕಿಣಿಯ ಗೆಳೆಯ ಪ್ರಕಾಶನ ಬೈಕಿನ ಹಿಂದೆ ಕೂತು, ಹೊನ್ನಾವರದ ಸೇತುವೆ ದಾಟಿ ಹೊರಟೇಬಿಡುವನು.

ಹಾಗಂತ ತೆರೆಯ ಮೇಲೆ ಕಂಡದ್ದನ್ನೆಲ್ಲ ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಮಹಡಿಯಿಂದ ಬೀಳುತ್ತಿರುವ ಹೆಂಗಸನ್ನು ಹೀರೋ ಗಾಳಿಯಲ್ಲೇ ಹೂವಿನಂತೆ ಹಿಡಿದರೆ ಇವನು ಅಕ್ಕಪಕ್ಕದವರಿಗೆ ಕೇಳುವಂತೆಯೇ ತಕರಾರು ತೆಗೆಯುವನು.

"ಜೀವಭಯದಲ್ಲಿ ಇದ್ದವ್ರು ಹಾಂಗೆ ತೆಪ್ಪಗೆ ಎತ್ತಿಸ್ಕೊಳ್ಳುದಿಲ್ಲ ಮಾರಾಯಾ. ಕುತ್ತಿಗೆಗೆ ಬೀಳ್ತ್ರು, ತಲೆ ಮೇಲೆ ಹತ್ತತ್ರು. ಇವನಿಗೆ ಒಬ್ರೂ ಪರಚೂದೇ ಇಲ್ಲ!"

"ನಿಂಗೆ ಇಷ್ಟು ಕೊಂಕಿದ್ರೆ ಬರೂದು ಎಂತಕ್ಕೆ?" ಎಂದು ಪ್ರಕಾಶ ರೇಗುತ್ತಿದ್ದ.

"ಅಂವ ಹೊತ್ತಿಗೆ ಸರಿಯಾಗಿ ಬಂದು ಮುಟ್ತಾ ನೋಡು. ಅದು ಸಾಕು ನಂಗೆ." ಕೊನೆಯಲ್ಲಿ ಸಿಳ್ಳೆ ಹೊಡೆಯುವವರಲ್ಲಿ ವಿಶಾಲನೇ ಮೊದಲಿಗ.

ಅವನ ಹೆಂಡತಿ ಅರ್ಚನಾಳ ರುಚಿಯೇ ಬೇರೆ. ಭಟ್ಕಳದ ಒಂದು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಹಳೆಯ ಫೋಟೋಗಳನ್ನು ತಿದ್ದುವ ಕೆಲಸ ಅವಳದು. ತೀರಿಕೊಂಡವರ ಫೋಟೋ ತಂದು, "ಅಪ್ಪನಿಗೆ ಒಂದು ಬಿಳಿ ಅಂಗಿ ಹಾಕಿ", "ಅಮ್ಮನ ಕಣ್ಣು ಚೂರು ತೆರೆಸಿ" ಎಂದು ಕೇಳುವವರ ನಡುವೆ ಅವಳ ದಿನ ಕಳೆಯುತ್ತಿತ್ತು. ಸಂಜೆ ಮನೆಗೆ ಬಂದು, ಮೀನುಸಾರು ಒಲೆಯ ಮೇಲಿಟ್ಟು, ಫೋನಿನಲ್ಲಿ ಜಪಾನಿನ ದೆವ್ವದ ಸಿನಿಮಾ ಹಚ್ಚಿಕೊಳ್ಳುವಳು. ದೊಡ್ಡ ಸಿನಿಮಾಗಳೇನಲ್ಲ, ನಾಲ್ಕು ಜನ ಸೇರಿ ಒಂದು ಮನೆ ಬಾಡಿಗೆ ಹಿಡಿದು ತೆಗೆದಂಥವು. ಕತ್ತಲೆಯ ಪಡಸಾಲೆ, ಅರ್ಧ ತೆರೆದ ಬಾಗಿಲು, ಗೋಡೆಯ ಕಡೆಗೆ ಮುಖ ಮಾಡಿ ನಿಂತ ಒಬ್ಬಳು ಹುಡುಗಿ. ಅಷ್ಟೇ.

"ಎಂತದೂ ಆಗುದೇ ಇಲ್ಲ ಅಲಾ ಇದ್ರಲ್ಲಿ?" ಎಂದು ವಿಶಾಲ ಇಣುಕಿ ನೋಡಿ ಹೇಳುವನು. "ಆಗಿಂದ ಆ ಬಾಗ್ಲನ್ನೇ ತೋರಿಸ್ತಿದ್ರು. ದುಡ್ಡಿಲ್ದವ್ರು ಸಿನ್ಮಾ ಯಾಕೆ ತೆಗೀಬೇಕು?"

"ದುಡ್ಡಿದ್ದವ್ರು ತೆಗೆದದ್ದು ನೋಡ್ತ್ರಲೆ ನೀವು. ಒಂದು ಊರಿಗೆ ಊರೇ ಕುಸಿದು ಬೀಳ್ತದೆ. ಮರುದಿನ ಯಾರಾದ್ರೂ ಅಳೂದು ಕಂಡಿದ್ರಾ? ಇಲ್ಲಿ ಸತ್ತವ್ಳು ಒಬ್ಳೇ. ಆದ್ರೆ ಅವಳನ್ನ ಮರೀಲಿಕ್ಕೆ ಯಾರ ಹತ್ರಾನೂ ಆಗುದಿಲ್ಲ."

"ಅದ್ಕೇ ಹೆದ್ರಿಕೆಯಾ?"

ಅರ್ಚನಾ ಸ್ವಲ್ಪ ಯೋಚಿಸಿದಳು. "ಹೆದ್ರಿಕೆ ಅಲ್ಲ. ಮನೇಲಿ ಒಬ್ರು ಹೆಚ್ಚಿಗೆ ಇದ್ದಾಂಗೆ ಅನಿಸ್ತದೆ."

ವಿಶಾಲ ನಕ್ಕು, ಸಾರು ಉಕ್ಕುತ್ತಿದೆ ನೋಡು ಎಂದು ಹೇಳಿ ಎದ್ದುಹೋಗಿದ್ದ. ಇದೆಲ್ಲ ನವೆಂಬರಿಗೆ ಮುಂಚಿನ ಮಾತು.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ರಾಣೆಬೆನ್ನೂರಿನ ಕಡೆಯ ಒಂದು ಕುಟುಂಬ ಸಮುದ್ರಕ್ಕೆ ಬಂತು. ಕಾಲೇಜಿಗೆ ಹೋಗುವ ಇಬ್ಬರು ಅಕ್ಕತಂಗಿಯರು ಮೊಣಕಾಲುದ್ದ ನೀರಿನಲ್ಲಿ ಕೈಕೈ ಹಿಡಿದು ಕುಣಿಯುತ್ತಿದ್ದರು. ತೆರೆಯೊಂದು ಹಿಂದಕ್ಕೆ ಸರಿದಾಗ ಕಾಲಡಿಯ ಮರಳೂ ಸರಿಯಿತು. ನೋಡನೋಡುತ್ತಿದ್ದಂತೆ ಸೆಳವು ಇಬ್ಬರನ್ನೂ ಒಳಗೆ ಎಳೆದುಕೊಂಡಿತು. ವಿಶಾಲ ಸಿಳ್ಳೆ ಊದುತ್ತಲೇ ತೇಲುವ ಟ್ಯೂಬು ಹಿಡಿದು ಹಾರಿದ. ಮೊದಲು ಕೈಗೆ ಸಿಕ್ಕಿದವಳು ಅಕ್ಕ ವಿನುತಾ. ಅವಳು ಅವನ ಕುತ್ತಿಗೆಗೆ ಬಿದ್ದಳು, ಕಿವಿಯ ಹಿಂದೆ ಪರಚಿದಳು. ಅವಳ ಭುಜದ ಮೇಲಿಂದ ಅವನಿಗೆ, ಇನ್ನೂ ಆಚೆ, ಹಸಿರು ಬಳೆ ತೊಟ್ಟ ಒಂದು ಕೈ ಕಂಡಿತು. ಒಬ್ಬಳನ್ನು ಹಿಡಿದುಕೊಂಡು ಇನ್ನೊಬ್ಬಳ ಹತ್ತಿರ ಹೋಗುವಂತಿರಲಿಲ್ಲ. ವಿನುತಾಳನ್ನು ಎಳೆದು ತಂದು ದಡಕ್ಕೆ ಮುಟ್ಟಿಸಿ, ಉಸಿರು ತೆಗೆದುಕೊಳ್ಳದೆ ತಿರುಗಿ ಓಡಿದ. ಕೈ ಕಂಡ ಜಾಗದಲ್ಲಿ ಬರೀ ನೀರಿತ್ತು. ತಂಗಿ ವೀಣಾಳ ದೇಹ ಮರುದಿನ ದೋಣಿಯವರಿಗೆ ಸಿಕ್ಕಿತು.

ಯಾರೋ ದಡದಲ್ಲಿ ನಿಂತು ವಿಡಿಯೋ ಮಾಡಿದ್ದರು. ತೆರೆಯನ್ನು ಸೀಳಿಕೊಂಡು ಹೋಗುವ ಕೆಂಪು ಅಂಗಿಯ ವಿಶಾಲ, ಹುಡುಗಿಯನ್ನು ತೋಳಿನಲ್ಲಿ ಎತ್ತಿ ಬರುವ ವಿಶಾಲ, ಹಿನ್ನೆಲೆಗೆ ಅಬ್ಬರದ ಸಂಗೀತ, ಮೇಲೆ 'ಮುರ್ಡೇಶ್ವರದ ಸೂಪರ್‌ಹೀರೋ' ಎಂಬ ದಪ್ಪಕ್ಷರ. ಅವನ ಕಾಲು ಮರಳಿಗೆ ತಾಗುವಲ್ಲಿಗೆ ವಿಡಿಯೋ ಮುಗಿಯುತ್ತಿತ್ತು. ತಿರುಗಿ ನೀರಿಗೆ ಓಡಿದ್ದು ಅದರಲ್ಲಿ ಇರಲಿಲ್ಲ. ಊರೂರಿಗೆ ಅದು ಹಬ್ಬಿತು. ಯುವಕ ಸಂಘದವರು ಶಾಲು ಹೊದೆಸಿದರು. ಪ್ರವಾಸಿಗರು ಗುರುತು ಹಿಡಿದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ವಿಶಾಲ ಎಲ್ಲದಕ್ಕೂ ತಲೆಯಾಡಿಸಿದ. ಮನೆಯಲ್ಲಿ ಮಾತು ಕಡಿಮೆಯಾಯಿತು, ಊಟವೂ.

ಡಿಸೆಂಬರಿನಲ್ಲಿ ಹೊಸ ಸಿನಿಮಾ ಬಂದಾಗ ಪ್ರಕಾಶ ಒತ್ತಾಯ ಮಾಡಿ ಅವನನ್ನು ಕುಮಟೆಗೆ ಕರೆದೊಯ್ದ. ಅದರಲ್ಲಿ ಒಂದು ದೊಡ್ಡ ಸೇತುವೆ ನಡುವೆಯೇ ಮುರಿಯುತ್ತದೆ; ಮಕ್ಕಳು ತುಂಬಿದ ಬಸ್ಸನ್ನು ಹೀರೋ ಬೆನ್ನಿನ ಮೇಲೆ ಎತ್ತಿ ಹಿಡಿಯುತ್ತಾನೆ. ಟಾಕೀಸು ಕಿತ್ತುಹೋಗುವಂತೆ ಸಿಳ್ಳೆ. ವಿಶಾಲನ ಕಣ್ಣು ಮಾತ್ರ ಬಸ್ಸಿನ ಹಿಂದೆ ಇತ್ತು. ಅಲ್ಲಿ, ತೆರೆಯ ಮೂಲೆಯಲ್ಲಿ, ಸಣ್ಣ ಸಣ್ಣ ಕಾರುಗಳು ಬೆಂಕಿಪೆಟ್ಟಿಗೆಯಂತೆ ಹೊಳೆಗೆ ಉದುರುತ್ತಿದ್ದವು. ಅವುಗಳ ಒಳಗೆ ಯಾರಿದ್ದರೆಂದು ಯಾರೂ ಕೇಳಲಿಲ್ಲ. ಇಷ್ಟು ವರ್ಷ ಇಂಥವೇ ನೂರು ಕಾರುಗಳು ಬಿದ್ದಿದ್ದರೂ ತನಗೆ ಒಂದೂ ಕಂಡಿರಲಿಲ್ಲವಲ್ಲ ಎಂದು ಅವನಿಗೆ ಸೋಜಿಗವಾಯಿತು. ಮಧ್ಯಂತರದಲ್ಲಿ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ.

"ಎಂತ ಆಯ್ತಾ ನಿಂಗೆ?" ಎಂದು ಪ್ರಕಾಶ ಹುಡುಕಿಕೊಂಡು ಬಂದ.

"ತಲೆ ನೋವು. ನೀ ನೋಡಿ ಬಾ, ನಾ ಇಲ್ಲೇ ಇರ್ತೆ."

ಪ್ರಕಾಶನೂ ಒಳಗೆ ಹೋಗಲಿಲ್ಲ. ಇಬ್ಬರೂ ಚಾ ಕುಡಿದು ಮನೆಗೆ ಬಂದರು.

ಶುಕ್ರವಾರ ಅರ್ಚನಾಳ ಸ್ಟುಡಿಯೋಗೆ ರಜೆ. ಮಧ್ಯಾಹ್ನದ ಊಟವಾದ ಮೇಲೆ ವಿಶಾಲ ಅವಳ ಪಕ್ಕ ಬಂದು ಕೂತು, "ನಿನ್ನ ಸಿನ್ಮಾ ಒಂದು ಹಾಕು" ಎಂದ. ಅವಳು ಅಚ್ಚರಿ ತೋರಿಸದೆ ಫೋನನ್ನು ಡಬ್ಬಿಗೆ ಒರಗಿಸಿ ಇಟ್ಟಳು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು.

ಕಡಲಬದಿಯ ಒಂದು ಹಳೆಯ ವಸತಿಗೃಹ. ನಡೆಸುವವಳು ಒಬ್ಬಳು ಮುದುಕಿ. ಪ್ರತಿದಿನ ಬೆಳಗಾದರೆ ಜಗಲಿಯ ಮೇಲೆ ಕಡಲಿನಿಂದ ಬಂದ ಪುಟ್ಟ ಒದ್ದೆ ಹೆಜ್ಜೆಗಳು ಮೂಡಿರುತ್ತವೆ. ಅವಳು ಬೈದುಕೊಂಡು ಒರೆಸುತ್ತಾಳೆ. ಉಳಿಯಲು ಬಂದವರು ಹೆದರಿ ಓಡುತ್ತಾರೆ. ಪೂಜಾರಿ ಬಂದು ಗಂಟೆ ಆಡಿಸಿದರೂ ಹೆಜ್ಜೆ ನಿಲ್ಲುವುದಿಲ್ಲ. ಕೊನೆಗೊಂದು ದಿನ ಮುದುಕಿ ಒರೆಸುವುದನ್ನು ಬಿಟ್ಟು, ಹೆಜ್ಜೆಗಳ ಪಕ್ಕದಲ್ಲೇ ಕೂತು ಏನೋ ಕೇಳುತ್ತಾಳೆ.

"ಎಂತ ಕೇಳ್ತು ಅದು?" ಎಂದ ವಿಶಾಲ.

"'ಚಳಿ ಆಗ್ತದಾ ಮಗಾ' ಅಂತ ಕೇಳ್ತು."

ಸಿನಿಮಾ ಮುಗಿಯಿತು. ವಿಶಾಲ ಅಭ್ಯಾಸಬಲದಿಂದ ತಕರಾರು ತೆಗೆದ. "ಕಡಲಲ್ಲಿ ಹೋದವ್ರ ಕಾಲು ಅಷ್ಟು ಸಣ್ಣ ಇರುದಿಲ್ಲ. ಊದ್ಕಂಡಿರ್ತದೆ." ಆಮೇಲೆ ಹೇಳಿದ: "ಹಸಿರು ಬಳೆ ಅದು. ಎಲ್ರೂ ನಾ ತಂದವಳ ಬಗ್ಗೆ ಕೇಳ್ತ್ರು. ಇನ್ನೊಬ್ಳ ಸುದ್ದಿ ಒಬ್ರೂ ಎತ್ತುದಿಲ್ಲ."

ನಿಮ್ಮ ತಪ್ಪಲ್ಲ ಎಂದು ಅರ್ಚನಾ ಹೇಳಲಿಲ್ಲ. ಅದು ಅವನನ್ನು ಮುಟ್ಟುವ ಮಾತಲ್ಲವೆಂದು ಅವಳಿಗೆ ಗೊತ್ತಿತ್ತು. "ಅವಳ ಹೆಸರು ವೀಣಾ ಅಲ್ದಾ?" ಎಂದಳು. "ಹೇಳಿ. ಮೊದಲಿಂದ ಹೇಳಿ." ಅವನು ಹೇಳಿದ. ಅಂದು ಮೊದಲ ಸಲ ಅವನಿಗೆ ಅಳು ಬಂತು.

ಸಂಕ್ರಾಂತಿ ಕಳೆದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ವಿನುತಾ ತನ್ನ ತಂದೆಯ ಜೊತೆ ಅವನನ್ನು ಹುಡುಕಿಕೊಂಡು ದಂಡೆಗೆ ಬಂದಳು. ದೂರದಿಂದಲೇ ಗುರುತು ಹಿಡಿದ ವಿಶಾಲನಿಗೆ ದೋಣಿಗಳ ಮರೆಗೆ ಸರಿದುಬಿಡೋಣ ಅನಿಸಿತು. ಆದರೂ ನಿಂತ.

"ಅಣ್ಣಾರ, ಒಂದು ಮಾತು ಕೇಳಾಕ ಬಂದೀನ್ರಿ," ಎಂದಳು ವಿನುತಾ. "ವಿಡಿಯೋದಾಗ ಆಕಿ ಇಲ್ರಿ. ಎಷ್ಟ್ ಸಲ ನೋಡಿದ್ರೂ ಇಲ್ಲ. ನೀವು ಆಕೀನ್ನ ನೋಡಿದ್ರೇನು?"

ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. "ಕಂಡಿದೆ," ಎಂದ ವಿಶಾಲ. "ಕೈ ಮೇಲೆ ಮಾಡಿದ್ರು. ನೀವು ಹತ್ರ ಇದ್ರಿ, ನಿಮ್ಮನ್ನ ಹಿಡಿದೆ. ತಿರುಗಿ ಹೋಪಷ್ಟರಲ್ಲಿ ಸಿಗಲಿಲ್ಲ."

"ಏನಾರ ಅಂದ್ಲೇನ್ರಿ?"

"ನಂಗೆ ಕೇಳಲಿಲ್ಲ. ತೆರೆ ಸದ್ದು ಜೋರಿತ್ತು."

ವಿನುತಾ ತಲೆ ತಗ್ಗಿಸಿದಳು. "ಆಕಿ ಕೈ ನಾನ ಬಿಟ್ಟೆನೇನೋ ಅಂತ ನಿದ್ದಿ ಬರವಲ್ದ್ರಿ."

"ಸೆಳವಿನಲ್ಲಿ ಯಾರೂ ಕೈ ಬಿಡುದಿಲ್ಲ ತಂಗಿ," ಎಂದ ವಿಶಾಲ. ಇಷ್ಟು ದಿನ ತನಗೆ ತಾನು ಹೇಳಿಕೊಳ್ಳಲಾಗದ ಮಾತು ಅವಳಿಗಾಗಿ ಸಲೀಸಾಗಿ ಬಂತು. "ನೀರೇ ಬಿಡಿಸ್ತದೆ. ಗಟ್ಟಿ ಹಿಡಿದವ್ರನ್ನೂ ಬಿಡಿಸ್ತದೆ. ನಾನು ಕಂಡವ."

ತಂದೆ ಕಡಲಿನ ಕಡೆಗೆ ತಿರುಗಿ ನಿಂತು ಶಲ್ಯದಿಂದ ಮುಖ ಒರೆಸಿಕೊಂಡರು.

ಊಟ ಮಾಡದೆ ಹೋಗುವಂತಿಲ್ಲ ಎಂದು ವಿಶಾಲ ಅವರನ್ನು ಮನೆಗೆ ಕರೆದೊಯ್ದ. ಅವರು ಮೀನು ತಿನ್ನುವವರಲ್ಲವೆಂದು ತಿಳಿದು ಅರ್ಚನಾ ಬೇಗಬೇಗ ಬಸಳೆಸೊಪ್ಪಿನ ಸಾರು ಮಾಡಿದಳು. ಬಡಿಸುತ್ತಾ ಅರ್ಚನಾ, ವೀಣಾ ಏನು ಓದುತ್ತಿದ್ದಳು, ಯಾರ ಹಾಗೆ ಇದ್ದಳು ಎಂದು ಒಂದೊಂದಾಗಿ ಕೇಳಿದಳು. ವಿನುತಾ ಹೇಳುತ್ತಾ ಹೋದಂತೆ ಅವಳ ದನಿ ಸ್ವಲ್ಪ ಬಿಚ್ಚಿಕೊಂಡಿತು.

"ಅವಳಿಗೆ ಎಂಥ ಸಿನ್ಮಾ ಇಷ್ಟ ಇತ್ತು?" ಎಂದ ವಿಶಾಲ.

"ಅಯ್ಯ, ಸಿನಿಮಾನ ಸೇರ್ತಿದ್ದಿಲ್ರಿ ಆಕಿಗೆ. ಟಾಕೀಸಿಗೆ ಹೋದ್ರ ಅರ್ಧಕ್ಕ ನಿದ್ದಿ."

"ಅಷ್ಟ ಅಲ್ರಿ," ಎಂದರು ತಂದೆ, ತುತ್ತು ಕೈಯಲ್ಲೇ ಹಿಡಿದು. "ಗೊರಕಿ ಹೊಡೀತಿದ್ಲು. ಮುಂದಿನ ಸಾಲಿನವ್ರು ತಿರುಗಿ ನೋಡೋಹಂಗ." ಹೇಳುತ್ತಲೇ ಅವರಿಗೆ ನಗು ಬಂತು, ವಿನುತಾಳೂ ನಕ್ಕಳು. ಅರ್ಚನಾ ಇಬ್ಬರ ತಟ್ಟೆಗೂ ಇನ್ನಷ್ಟು ಅನ್ನ ಬಡಿಸಿದಳು.