ಹೊಲಿಗೆ ಬಿಚ್ಚದೆ

ಬೆಳಿಗ್ಗೆ ಕಾಳು ಹಾಕುವ ಮೊದಲು ಕೋಳಿಯ ಕತ್ತಿನ ಬುಡದಲ್ಲಿರುವ ಮೇವಿನ ಚೀಲ ಖಾಲಿಯಾಗಿ ಚಪ್ಪಟೆಯಾಗಿರಬೇಕು. ಅಂದು ಅಕ್ಕ ಕೈಯಿಟ್ಟು ನೋಡಿದರೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು. ಕೋಳಿ ಅರೆಗಣ್ಣು ಮುಚ್ಚಿ ಆಗಾಗ ಕತ್ತು ತಿರುಚುತ್ತಿತ್ತು.

“ಏನಾಗಿದ್ಯೇ ನಮ್ಮ ಮೇಡಮ್ಮಿಗೆ?” ಎಂದಳು ತಂಗಿ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಅವಳ ಪಿಸುಮಾತೂ ಬೀದಿಯ ತುದಿಗೆ ಕೇಳಿಸುತ್ತಿತ್ತು. ಎಷ್ಟೋ ವರ್ಷದ ಹಿಂದೆ, ನಿವೃತ್ತಿಯಾದ ವಾರವೇ ತಂದು ಸಾಕಿದ ಮರಿ ಅದು.

“ನಾನು ದಿಂಬಿಗೆ ತುಂಬೋಕೆ ಇಟ್ಟಿದ್ದ ಒಣಹುಲ್ಲು ನುಂಗಿದಾಳೆ ಕಣೇ. ನಿನ್ನ ಬಸ್ಸಿನ ಹಾಗೇ ಆಗಿದೆ. ಎಲ್ಲರೂ ಬಾಗಿಲಲ್ಲೇ ನಿಂತಿದಾರೆ, ಒಬ್ರೂ ಒಳಗೆ ಹೋಗ್ತಿಲ್ಲ.” ತಮಾಷೆ ಮಾಡುತ್ತಲೇ ಅಕ್ಕ ಅಂಗಳದಲ್ಲಿ ಉಳಿದಿದ್ದ ಹುಲ್ಲನ್ನು ಬಾಚಿ ಒಳಗಿಟ್ಟಳು. ಅದನ್ನು ಅಲ್ಲಿ ಬಿಟ್ಟವಳು ತಾನೇ ಅಲ್ಲವೇ.

ಪಕ್ಕದ ಬೀದಿಯ ಪಶುವೈದ್ಯೆ ಬಂದಳು. ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡದ್ದನ್ನು ಅಕ್ಕ ನೋಡಿದಳು. ವೈದ್ಯೆ ಕೊಕ್ಕಿನ ಬಳಿ ಮೂಸಿದಳು.

“ಹುಳಿ ವಾಸನೆ ಇಲ್ಲ, ಸದ್ಯ. ಮೇವು ಪೂರ್ತಿ ನಿಲ್ಲಿಸಿ. ನೀರು ಸ್ವಲ್ಪ ಸ್ವಲ್ಪ ಕೊಡಿ. ಕೊಕ್ಕಿನ ಪಕ್ಕದಿಂದ ನಾಲ್ಕು ಹನಿ ಎಣ್ಣೆ ಬಿಟ್ಟು ಚೀಲಾನ ಮೇಲಿಂದ ಮೆಲ್ಲಗೆ ನೀವಿ. ತಲೆಕೆಳಗೆ ಮಾತ್ರ ಹಿಡೀಬೇಡಿ, ಉಸಿರಿಗೆ ಹೋಗ್ಬಿಡುತ್ತೆ. ನಾಳೆ ಬೆಳಿಗ್ಗೆನೂ ಹೀಗೇ ಇದ್ರೆ ಚೀಲ ಕೊಯ್ದು ಹುಲ್ಲು ತೆಗೀಬೇಕಮ್ಮಾ. ಈ ವಯಸ್ಸಲ್ಲಿ ಕೋಳಿ ತಡ್ಕೊಳ್ಳೋದು ಅನುಮಾನ.”

ಮಧ್ಯಾಹ್ನ ಅಕ್ಕ ಕೋಳಿಯನ್ನು ಮಡಿಲಿಗಿಟ್ಟುಕೊಂಡು ಕಿಟಕಿಯ ಬಳಿ ಕುಳಿತಳು. ಜೀವಮಾನವೆಲ್ಲ ಹಾಸಿಗೆ ಹೊಲಿದ ಬೆರಳುಗಳು ಅವು. ಹಳೆಯ ಹಾಸಿಗೆಯಲ್ಲಿ ಹತ್ತಿ ಗಂಟುಕಟ್ಟಿದರೆ ಎಲ್ಲರೂ ಹೊಲಿಗೆ ಬಿಚ್ಚುತ್ತಿದ್ದರು. ಅಕ್ಕ ಮಾತ್ರ ಮೇಲಿನಿಂದಲೇ ಹಿಸುಕಿ, ಎಳೆ ಎಳೆಯಾಗಿ ಸಡಿಲಿಸುತ್ತಿದ್ದಳು. ಈಗಲೂ ಕಣ್ಣು ಮುಚ್ಚಿ ಹಾಗೆಯೇ ನೀವುತ್ತಾ ಹೋದಳು. ಬಿಸಿಲಿನ ಕೋಲಿನಲ್ಲಿ ಧೂಳು ಹತ್ತಿಯಂತೆ ತೇಲುತ್ತಿತ್ತು. ತಾನು ಹೊಲಿದ ಹಾಸಿಗೆಗಳೆಲ್ಲ ಒಂದರ ಪಕ್ಕ ಒಂದು ಹಾಸಿಕೊಂಡು ಬಯಲಾದಂತೆ, ಅದರ ಮೇಲೆ ಯಾರು ಯಾರೋ ನೆಮ್ಮದಿಯಾಗಿ ಮಲಗಿದಂತೆ, ಅವರ ನಡುವೆ ಈ ಕೋಳಿ ಸದ್ದಿಲ್ಲದೆ ಕಾಲಿಡುತ್ತಿದ್ದಂತೆ ಅವಳಿಗೆ ಅನ್ನಿಸಿತು. ಬೆರಳು ಮಾತ್ರ ನಿದ್ದೆ ಮಾಡಲಿಲ್ಲ. ಬಿಸಿಲು ಗೋಡೆ ಹತ್ತುವಷ್ಟರಲ್ಲಿ ಗಂಟು ಕಲಸಿದ ಹಿಟ್ಟಿನಷ್ಟು ಮೆತ್ತಗಾಗಿತ್ತು.

ಮರುದಿನ ಬೆಳಿಗ್ಗೆ ಮುಟ್ಟಿದರೆ ಚೀಲ ಮತ್ತೆ ತುಂಬಿದೆ! ತಂಗಿ ಬಾಗಿಲ ಹಿಂದೆ ಸೆರಗು ಕಚ್ಚಿ ನಿಂತಿದ್ದಳು. ಅಕ್ಕ ಇನ್ನೊಮ್ಮೆ ಒತ್ತಿ ನೋಡಿದಳು. ಎಳೆಗಳಿಲ್ಲ. ಜಾರುವ, ಸಣ್ಣ ಸಣ್ಣ ಕಾಳು.

“ಇದು ಹುಲ್ಲಲ್ಲ, ಅಕ್ಕಿ. ಹಾಕಿದ್ಯಾ?”

“ಬೆಳಗಿನ ಜಾವ, ಒಂದೇ ಹಿಡಿ ಕಣಕ್ಕ... ನನ್ನೇ ನೋಡ್ತಿದ್ಲು.”

“ಟಿಕೆಟ್ ಇಲ್ಲದವರನ್ನ ನಡುದಾರೀಲಿ ಇಳಿಸ್ತಿದ್ದವಳು ನೀನೇನಾ?”

“ಅವರ್ಯಾರೂ ಹೀಗೆ ನೋಡ್ತಿರಲಿಲ್ಲ,” ಎಂದು ತಂಗಿ ಅತ್ತೇಬಿಟ್ಟಳು.

ಅಕ್ಕ ವೈದ್ಯೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ನಗು ಕೇಳಿಸಿತು. “ಸರಿ, ಇನ್ನೊಂದು ದಿನ ನೋಡೋಣ. ತಂಗೀನ ಕಾಯ್ಕೊಳ್ಳಿ.”

ಕಾಯುವ ಅಗತ್ಯವೇ ಬೀಳಲಿಲ್ಲ. ಅಂದು ತಂಗಿ ಕೋಳಿಯನ್ನು ಮಲಗಿಸಿದ್ದ ಬುಟ್ಟಿಯ ಪಕ್ಕದಲ್ಲೇ ಕುಳಿತು, ಒಂದೊಂದು ಚಮಚ ನೀರು ಕೊಡುತ್ತಾ, ಹಳೆಯ ನಿಲ್ದಾಣಗಳ ಹೆಸರನ್ನು ಜೋಗುಳದಂತೆ ಹೇಳುತ್ತಿದ್ದಳು. ಊಟಕ್ಕೆ ಕರೆದರೆ, “ಅವಳ ಎದುರಿಗೆ ಹೇಗೆ ತಿನ್ನಲಿ?” ಎಂದಳು. ಅಕ್ಕ ಬಡಿಸಿಕೊಂಡಿದ್ದ ತಟ್ಟೆಯನ್ನು ಸದ್ದಾಗದಂತೆ ಮುಚ್ಚಿಟ್ಟು, ಬಂದು ಮತ್ತೆ ನೀವತೊಡಗಿದಳು.

ಮೂರನೆಯ ಬೆಳಗು ಅಕ್ಕ ಮುಟ್ಟಿ ನೋಡಿದಳು; ತಂಗಿಯ ಕೈ ಹಿಡಿದು ಗರಿಗಳ ಕೆಳಗೆ ಇಟ್ಟಳು. ಸಡಿಲವಾದ, ಬೆಚ್ಚಗಿನ, ಖಾಲಿ ಚೀಲ. ಬುಟ್ಟಿಯ ಬಟ್ಟೆಯ ಮೇಲೆ ಗಟ್ಟಿ ಹಿಕ್ಕೆಯೂ ಬಿದ್ದಿತ್ತು.

“ಏನೂ ಇಲ್ಲ!” ಎಂದಳು ತಂಗಿ. ಬೀದಿಗೆಲ್ಲ ಕೇಳಿಸಿತು.

ಅಕ್ಕ ಮೊಟ್ಟೆಯೊಂದನ್ನು ಬೇಯಿಸಿ ಮೆತ್ತಗೆ ಹಿಸುಕಿ ಕೋಳಿಯ ಮುಂದಿಟ್ಟಳು, ಸ್ವಲ್ಪವೇ. ಆಮೇಲೆ ತಮ್ಮಿಬ್ಬರ ಊಟಕ್ಕೆ ಎರಡು ತಟ್ಟೆ ತೊಳೆದಳು.