ಅಕ್ಕನ ಮುಖ, ತಮ್ಮನ ವರ್ಷ

ಮುದ್ರಣ ಕಲಾವಿದ ಆ ಸಂಜೆ ತನ್ನ ವರ್ಷದ ಸೃಜನಶೀಲ ಬದುಕಿನ ಸಿಂಹಾವಲೋಕನ ಇಟ್ಟುಕೊಂಡಿದ್ದ. ವರ್ಷವಿಡೀ ಈ ಸಿಂಹ ಮಾಡಿದ್ದು ಒಂದೇ ಚಿತ್ರ. ಅದರ ಬಗ್ಗೆ ಕಂಡಕಂಡಲ್ಲಿ ಆಡಿದ ಮಾತನ್ನು ಗುಡ್ಡೆ ಹಾಕಿದ್ದರೆ ಕೋಣೆಯ ಬಾಗಿಲು ತೆರೆಯಲು ಜಾಗವಿರುತ್ತಿರಲಿಲ್ಲ. ಜಾಗ ಮೊದಲೇ ಇರಲಿಲ್ಲ ಅನ್ನಿ. ಅದು ಅವನ ಅಕ್ಕನ ಮನೆಯ ಮುಂದಿನ ಕೋಣೆ, ಕಾರ್ಯಕ್ರಮವೂ ಅಲ್ಲೇ. ಅರ್ಧವನ್ನು ತಮ್ಮನ ಅಚ್ಚಿನ ಯಂತ್ರ ನುಂಗಿತ್ತು, ಉಳಿದರ್ಧದಲ್ಲಿ ಶಾಯಿ ಡಬ್ಬಿಗಳು ಮತ್ತು ಹಗ್ಗಕ್ಕೆ ನೇತುಹಾಕಿದ ಹಾಳೆಗಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಕ್ಕ ದಿನವಿಡೀ ನಿಂತು ದುಡಿದು ಬಂದರೆ ಒಂದು ಕುರ್ಚಿ ಹಾಕಿಕೊಳ್ಳಲೂ ಪರದಾಡಬೇಕು.

ಹೋದ ವರ್ಷ ಅವಳ ತಾಳ್ಮೆಯ ಕಟ್ಟೆಯೊಡೆದಿತ್ತು. ವರ್ಷದೊಳಗೆ ನಾಲ್ಕು ಜನ ಮೆಚ್ಚುವಂಥ ಒಂದು ಚಿತ್ರ ಮಾಡಿ ತೋರಿಸಿದರೆ ಸರಿ, ಇಲ್ಲವಾದರೆ ಯಂತ್ರ ಹೊರಗೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಯಂತ್ರಕ್ಕೆ ಬೇರೆಲ್ಲೂ ಗತಿಯಿರಲಿಲ್ಲ. ತಮ್ಮನೋ ಬೆಣ್ಣೆ ಹಚ್ಚುವುದರಲ್ಲಿ ಪಳಗಿದವನು. ನಿನ್ನ ಮುಖವನ್ನೇ ಮರದ ಹಲಗೆಯಲ್ಲಿ ಕೆತ್ತುತ್ತೇನೆ ಎಂದ. ಅಕ್ಕ ಬಾಯಲ್ಲಿ ಬೈದರೂ ಒಳಗೊಳಗೇ ಹಿಗ್ಗಿದಳು. ರಜೆ ಸಿಕ್ಕಾಗಲೆಲ್ಲ ಅವನೆದುರು ಕದಲದೆ ಕೂತಳು.

ಅವನು ಹಿಡಿದ ಪದ್ಧತಿ ಹಗ್ಗದ ಮೇಲಿನ ನಡಿಗೆ. ಎಲ್ಲ ಬಣ್ಣಕ್ಕೂ ಒಂದೇ ಹಲಗೆ. ಮೊದಲು ತಿಳಿಬಣ್ಣ ಒತ್ತಬೇಕು. ಅದು ಉಳಿಯಬೇಕಾದ ಕಡೆ ಹಲಗೆಯನ್ನು ಕೆತ್ತಿ ತೆಗೆದು, ಅದೇ ಹಾಳೆಗಳ ಮೇಲೆ ಇನ್ನಷ್ಟು ಗಾಢ ಬಣ್ಣ ಒತ್ತಬೇಕು. ಮತ್ತೆ ಕೆತ್ತಬೇಕು, ಮತ್ತೆ ಒತ್ತಬೇಕು. ಒಮ್ಮೆ ಒತ್ತಿದ್ದನ್ನು ಅಳಿಸುವಂತಿಲ್ಲ. ಮೂರನೆಯ ಬಣ್ಣಕ್ಕೆ ಹಾಳೆಯಲ್ಲಿ ಅಕ್ಕ ಎದ್ದು ಬಂದಿದ್ದಳು: ದಣಿದ ಕಣ್ಣು, ಬೈಯಲು ಸಿದ್ಧವಾದ ತುಟಿ, ಆ ತುಟಿಯ ಅಂಚಿನಲ್ಲೇ ಅಡಗಿದ ನಗು. ನಿಜಕ್ಕೂ ಚೆಂದದ ಚಿತ್ರ. ಪುಣ್ಯಾತ್ಮ ಅಷ್ಟಕ್ಕೆ ಕೈಬಿಟ್ಟಿದ್ದರೆ ಸಾಕಿತ್ತು.

ಆದರೆ ಅವನು ಗುರುವೆಂದು ನಂಬಿದ್ದ ವಿಮರ್ಶಕರೊಬ್ಬರು ಬಂದು ನೋಡಿ ಮೂಗು ಮುರಿದರು. ಆಳ ಸಾಲದು, ನೆರಳು ಬೇಕು ಎಂದರು. ಅವರ ಮಾತೆಂದರೆ ಇವನಿಗೆ ವೇದವಾಕ್ಯ. ಕಣ್ಣಿನ ಕೆಳಗಿಷ್ಟು ನೆರಳು, ಕೆನ್ನೆಗಿಷ್ಟು, ಹಣೆಗಿಷ್ಟು ಎಂದು ಕೆತ್ತಿ ತೆಗೆಯಬೇಕಾದ ಜಾಗವನ್ನೆಲ್ಲ ಹಾಗೇ ಬಿಟ್ಟ. ಒಂದು ಹಾಳೆಯನ್ನೂ ಎತ್ತಿಡದೆ ಎಲ್ಲದರ ಮೇಲೂ ಕಪ್ಪು ಒತ್ತಿದ. ನೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಅಕ್ಕ ಮಾಯವಾದಳು. ಅವನು ಅವತ್ತು ಅತ್ತದ್ದು ನಿಜ, ಯಾರಿಗೂ ಹೇಳದೆ ಹಾಳೆಗಳನ್ನು ಮುಚ್ಚಿಟ್ಟದ್ದೂ ನಿಜ.

ಸಿಂಹಾವಲೋಕನಕ್ಕೆ ಅಕ್ಕ ಹೊಸ ಬಟ್ಟೆ ಉಟ್ಟು ಬಂದಳು. ನನ್ನ ಚಿತ್ರ ಇದೆ, ನೋಡಬನ್ನಿ ಎಂದು ಜೊತೆಯ ಇಬ್ಬರು ನರ್ಸುಗಳನ್ನೂ ಕರೆತಂದಿದ್ದಳು. ಮುಸುಕು ಸರಿಸಿದರೆ ಒಲೆಯ ಮಸಿಯಂಥ ಕಪ್ಪು. ಗೆಳತಿಯರಲ್ಲೊಬ್ಬಳು ಮರ್ಯಾದೆಗೆಂದು ಒಂದು ಬಿಳಿ ಗೆರೆ ತೋರಿಸಿ, ಇದು ಮೂಗಲ್ಲವೇ ಎಂದಳು. ಅದು ಉಳಿ ಜಾರಿದ ಗುರುತು.

ತಮ್ಮ ಮತ್ತೆ ಮುಸುಕು ಎಳೆಯಲು ಕೈಚಾಚಿದ. ಕಾಪಾಡಿದವರು ವಿಮರ್ಶಕರೇ.

"ಇದು ಹೆಣ್ಣಿನ ಗೈರುಹಾಜರಿಯ ಮಹಾಕಾವ್ಯ," ಎಂದರು.

ಕೋಣೆಯಲ್ಲಿ ಇಕ್ಕಟ್ಟಾಗಿ ಸೇರಿದ್ದ ಜನ ಚಪ್ಪಾಳೆ ತಟ್ಟಿದರು. ಅಕ್ಕನ ಷರತ್ತು ಪೂರೈಸಿದಂತಾಯಿತು. ಕೆಟ್ಟುಹೋಯಿತಕ್ಕ ಎಂಬ ಮಾತು ತಮ್ಮನ ನಾಲಿಗೆಯ ತುದಿಗೆ ಬಂದಿತ್ತು, ಯಂತ್ರದ ಕಡೆ ಒಮ್ಮೆ ನೋಡಿ ನುಂಗಿಕೊಂಡ. ಆಮೇಲೆ ಎದ್ದು ನಿಂತು, ಮುಖವನ್ನು ಕಾಣಿಸಬಾರದೆಂದೇ ವರ್ಷಪೂರ್ತಿ ತಪಸ್ಸು ಮಾಡಿದೆ ಎಂದು ಗಂಟಲು ಒಣಗುವವರೆಗೆ ಮಾತಾಡಿದ.

ಭಾಷಣ ಮುಗಿದಾಗ ಅಕ್ಕ ಚಿತ್ರದ ಹತ್ತಿರ ಹೋಗಿ ನಿಂತಳು.

"ಯಂತ್ರ ಇಲ್ಲೇ ಇರಲಿ, ಕೊಟ್ಟ ಮಾತಿಗೆ ತಪ್ಪೋಳಲ್ಲ ನಾನು. ಒಂದೇ ಒಂದು ಕೇಳ್ತೀನಿ ಕಣೋ. ನಾನು ಕಾಣಬಾರದು ಅಂತಿದ್ರೆ ನನ್ನ ಯಾಕೆ ಅಷ್ಟು ಸಲ ಎದುರಿಗೆ ಕೂರಿಸ್ಕೊಂಡೆ? ನನ್ನ ಕಡೆ ನೋಡದೇನೇ ಮಾಡಬಹುದಿತ್ತಲ್ಲ. ಇಷ್ಟು ವರ್ಷ ಹಾಗೇ ತಾನೇ ಇದ್ದಿದ್ದು ನೀನು?"

ವಿಮರ್ಶಕರು ಎದ್ದು ನಿಂತು ಆ ಮಾತಿಗೂ ಚಪ್ಪಾಳೆ ತಟ್ಟಿದರು.